ಸಿಬ್ಬಂದಿ ಪಟ್ಟಿಯಲ್ಲಿಲ್ಲದ ಕನ್ನಡ ಬರಹಗಾರರು: ಜಾಹೀರಾತು ಏಜೆನ್ಸಿಗಳ ವಿಲೀನ ಮತ್ತು ಮಲೆನಾಡಿನ ದುಡಿಮೆ

2025ರ ಡಿಸೆಂಬರ್ ಮೊದಲ ವಾರದಲ್ಲಿ, ತೀರ್ಥಹಳ್ಳಿ ಸಮೀಪದ ಹಳ್ಳಿಯೊಂದರಲ್ಲಿ ಕುಳಿತು ಬೆಂಗಳೂರಿನ ಜಾಹೀರಾತು ಏಜೆನ್ಸಿಯೊಂದಕ್ಕೆ ಕನ್ನಡ ಬರೆದುಕೊಡುತ್ತಿದ್ದ ಯುವತಿಯೊಬ್ಬರಿಗೆ ವಾಟ್ಸ್‌ಆ್ಯಪ್‌ನಲ್ಲಿ ಎರಡು ಸಾಲಿನ ಸಂದೇಶ ಬಂತು. ಸದ್ಯಕ್ಕೆ ಹೊಸ ಕೆಲಸ ಕಳಿಸುವುದಿಲ್ಲ, ಬಾಕಿ ಬಿಲ್ಲಿನ ವಿಷಯವನ್ನು ಹೊಸ ತಂಡ ಬಂದ ಮೇಲೆ ನೋಡೋಣ ಎಂಬುದು ಅದರ ಸಾರ. ಮನೆಯಲ್ಲಿ ಅಡಿಕೆ ಸುಗ್ಗಿ ನಡೆದಿತ್ತು. ಸುಲಿಯುವವರಿಗೆ ಕಾಫಿ ಕೊಟ್ಟು ಬಂದು ನನಗೆ ಫೋನ್ ಮಾಡಿದ ಆಕೆ, "ಅಣ್ಣಾ, ನನ್ನನ್ನ ಕೆಲಸದಿಂದ ತೆಗೆದ್ರು ಅಂತ ತಿಳ್ಕೊಳ್ಳಲಾ, ಇಲ್ಲಾ ನಾನು ಕೆಲಸದಲ್ಲೇ ಇರ್ಲಿಲ್ಲ ಅಂತ ತಿಳ್ಕೊಳ್ಳಲಾ?" ಎಂದು ಕೇಳಿದರು. ಮೂರು ವರ್ಷ ಒಂದೇ ಏಜೆನ್ಸಿಗೆ ಹೆಚ್ಚುಕಡಿಮೆ ದಿನವೂ ಬರೆದವರು ಕೇಳಿದ ಈ ಪ್ರಶ್ನೆಗೆ ವ್ಯವಹಾರದ ಕಡೆಯಿಂದ ಒಂದು ಉತ್ತರವಿದೆ, ಕಾನೂನಿನ ಕಡೆಯಿಂದ ಇನ್ನೊಂದು ಉತ್ತರವಿದೆ. ಬೆಂಗಳೂರಿನ ಏಜೆನ್ಸಿಯಲ್ಲಿ ಏಳು ವರ್ಷ ಕನ್ನಡ ಕಾಪಿ, ಅಂದರೆ ಜಾಹೀರಾತಿನ ಮಾತು, ಬರೆದು 2020ರಲ್ಲಿ ಶಿವಮೊಗ್ಗಕ್ಕೆ ಮರಳಿ ಬಂದ ನನಗೆ ಎರಡನ್ನೂ ವಿವರಿಸಬೇಕೆನಿಸಿದೆ, ಏಕೆಂದರೆ ಈ ಪ್ರಶ್ನೆಯನ್ನು ಕೇಳಬೇಕಾದವರು ಮಲೆನಾಡಿನಲ್ಲಿ ಆಕೆಯೊಬ್ಬರೇ ಅಲ್ಲ.

ಅದೇ ವಾರ ಜಾಹೀರಾತು ಲೋಕದ ದೊಡ್ಡ ಸಿಬ್ಬಂದಿ ಸುದ್ದಿ ಹೊರಬಿದ್ದಿತ್ತು. ಹಲವು ಜಾಹೀರಾತು ಏಜೆನ್ಸಿಗಳ ಒಡೆತನವಿರುವ ನ್ಯೂಯಾರ್ಕಿನ ಆಮ್ನಿಕಾಮ್ ಸಮೂಹವು ತನ್ನ ಪ್ರತಿಸ್ಪರ್ಧಿಯಾಗಿದ್ದ ಇಂಟರ್‌ಪಬ್ಲಿಕ್ ಸಮೂಹವನ್ನು ಕೊಳ್ಳುವುದಾಗಿ 2024ರ ಡಿಸೆಂಬರ್‌ನಲ್ಲಿ ಪ್ರಕಟಿಸಿ, 2025ರ ನವೆಂಬರ್ 26ರಂದು ಆ ಖರೀದಿಯನ್ನು ಪೂರ್ಣಗೊಳಿಸಿತು. ವಾರ ಕಳೆಯುವ ಮೊದಲೇ, ಡಿಸೆಂಬರ್ 1ರಂದು, 4,000ಕ್ಕೂ ಹೆಚ್ಚು ಹುದ್ದೆಗಳನ್ನು ಕಡಿತಗೊಳಿಸುವ ಮತ್ತು ಡಿಡಿಬಿ, ಎಫ್‌ಸಿಬಿ, ಮಲೆನ್‌ಲೋ ಎಂಬ ಮೂರು ಜಾಗತಿಕ ಏಜೆನ್ಸಿಗಳ ಹೆಸರನ್ನು ಕೈಬಿಡುವ ತೀರ್ಮಾನ ಪ್ರಕಟವಾಯಿತು. ಈ ಹೆಸರುಗಳು ನಮಗೆ ದೂರದವೆಂದು ಕಂಡರೂ ಭಾರತದ ಜಾಹೀರಾತಿನ ಚರಿತ್ರೆ ಅವುಗಳೊಂದಿಗೆ ಹೆಣೆದುಕೊಂಡಿದೆ. 1980ರಲ್ಲಿ ಅಹಮದಾಬಾದಿನಲ್ಲಿ ಹುಟ್ಟಿದ ಮುದ್ರಾ ಡಿಡಿಬಿಯ ಭಾಗವಾಗಿತ್ತು, 1961ರ ಉಲ್ಕಾ ಎಫ್‌ಸಿಬಿಯನ್ನು ಸೇರಿತ್ತು, 1939ರಿಂದ ಭಾರತದಲ್ಲಿದ್ದ ಲಿಂಟಾಸ್ ಮಲೆನ್‌ಲೋ ಜೊತೆಗಿತ್ತು. ಇದಕ್ಕೂ ಮೊದಲು, 1864ರಷ್ಟು ಹಳೆಯದಾದ ಜೆ. ವಾಲ್ಟರ್ ಥಾಮ್ಸನ್ ಏಜೆನ್ಸಿಯನ್ನು ಡಬ್ಲ್ಯೂಪಿಪಿ ಸಮೂಹವು 2018ರಲ್ಲಿ ಮತ್ತೊಂದರೊಡನೆ ವಿಲೀನಗೊಳಿಸಿತ್ತು. 2024ರ ಹೊತ್ತಿಗೆ ಹೊಸ ಹೆಸರಿನಲ್ಲೂ ಥಾಮ್ಸನ್ ಎಂಬ ಪದ ಉಳಿದಿರಲಿಲ್ಲ.

ತೀರ್ಥಹಳ್ಳಿಯ ಯುವತಿ ಬರೆಯುತ್ತಿದ್ದ ಏಜೆನ್ಸಿ ಈ ಯಾವ ಸಮೂಹಕ್ಕೂ ಸೇರಿದ್ದಲ್ಲ. ಆದರೂ ದೊಡ್ಡ ಸಮೂಹಗಳು ತಮ್ಮ ಲೆಕ್ಕವನ್ನು ಬಿಗಿ ಮಾಡಿದಾಗ ಮಧ್ಯಮ ಗಾತ್ರದ ಏಜೆನ್ಸಿಗಳೂ ಅದೇ ದರಕ್ಕೆ ಇಳಿಯಬೇಕಾಗುತ್ತದೆ. ಗ್ರಾಹಕ ಕಂಪನಿಗಳು ಏಜೆನ್ಸಿ ಬದಲಾಯಿಸುತ್ತವೆ, ಬದಲಾಯಿಸುವ ತನಕ ಖರ್ಚು ತಡೆಹಿಡಿಯುತ್ತವೆ, ಆ ತಡೆಯ ಮೊದಲ ಪೆಟ್ಟು ಸಂಬಳ ಪಟ್ಟಿಯ ಹೊರಗಿರುವವರ ಮೇಲೆ ಬೀಳುತ್ತದೆ.

ಜಾಹೀರಾತು ಉದ್ಯಮದ ಸಿಬ್ಬಂದಿ ಸುದ್ದಿಯನ್ನು ಗಮನಿಸುತ್ತ ಬಂದವರಿಗೆ ಅದರ ಎರಡು ಬಗೆಗಳು ಚೆನ್ನಾಗಿ ಗೊತ್ತು. ಯಾರು ಯಾವ ಏಜೆನ್ಸಿಯ ಮುಖ್ಯ ಸೃಜನಾಧಿಕಾರಿಯಾದರು, ಯಾರು ಬಿಟ್ಟು ಸ್ವಂತ ಸಂಸ್ಥೆ ತೆರೆದರು ಎಂಬ, ಭಾವಚಿತ್ರ ಸಮೇತ ಬರುವ ನೇಮಕದ ಸುದ್ದಿ ಒಂದು ಬಗೆ. ಎಷ್ಟು ಸಾವಿರ ಹುದ್ದೆ ಹೋಯಿತು ಎಂಬ, ಮುಖವಿಲ್ಲದ ಸಂಖ್ಯೆಯ ಸುದ್ದಿ ಇನ್ನೊಂದು ಬಗೆ. ಇವೆರಡರಲ್ಲೂ ಸೇರದ ಮೂರನೆಯ ಗುಂಪೊಂದಿದೆ. ಅದು ಭಾಷಾ ಬರಹಗಾರರ ಗುಂಪು. ನೇಮಕಾತಿಯೇ ಆಗದವರನ್ನು ವಜಾ ಮಾಡುವ ಅಗತ್ಯ ಬೀಳುವುದಿಲ್ಲವಾದ್ದರಿಂದ ಅವರು ಆ 4,000ದಂಥ ಅಂಕಿಗಳಲ್ಲಿ ಎಣಿಕೆಗೆ ಸಿಗುವುದಿಲ್ಲ. ಕನ್ನಡ ಜಾಹೀರಾತಿನ ಗುಣಮಟ್ಟದ ಬಗ್ಗೆ ನಾವು ಮತ್ತೆ ಮತ್ತೆ ಆಡುವ ದೂರುಗಳ ಬೇರು ಈ ಎಣಿಕೆಗೆ ಸಿಗದ ಸ್ಥಿತಿಯಲ್ಲಿದೆ ಎಂಬುದು ನನ್ನ ನಂಬಿಕೆ.

ಏಜೆನ್ಸಿಯೊಳಗೆ ಕೆಲಸ ಹೇಗೆ ಹರಿಯುತ್ತದೆ ಎಂಬುದನ್ನು ಸ್ವಲ್ಪ ನೋಡಬೇಕು. ಗ್ರಾಹಕ ಕಂಪನಿಯಿಂದ ಬ್ರೀಫ್, ಅಂದರೆ ಯಾವ ಜಾಹೀರಾತು ಬೇಕು ಎಂಬ ಸೂಚನೆ, ತರುವುದು ಕ್ಲೈಂಟ್ ಸರ್ವಿಸಿಂಗ್ ವಿಭಾಗ. ಅದನ್ನು ಕಾಪಿರೈಟರ್ ಮತ್ತು ಆರ್ಟ್ ಡೈರೆಕ್ಟರ್ ಎಂಬ ಜೋಡಿ ಎತ್ತಿಕೊಳ್ಳುತ್ತದೆ. ಮಾತು ಬರೆಯುವವರು ಮತ್ತು ಚಿತ್ರ ಯೋಚಿಸುವವರು ಒಂದೇ ಕೋಣೆಯಲ್ಲಿ ಎದುರುಬದುರು ಕೂತು ಕೆಲಸ ಮಾಡುವ ಈ ಪದ್ಧತಿಯನ್ನು ನೆಲೆಗೊಳಿಸಿದವರು, 1949ರಲ್ಲಿ ಡಿಡಿಬಿಯನ್ನು ಕಟ್ಟಿದ ಮೂವರಲ್ಲಿ ಒಬ್ಬರಾದ ಬಿಲ್ ಬರ್ನ್‌ಬಾಕ್. ಅದಕ್ಕಿಂತ ಮೊದಲು ಬರಹಗಾರ ಬರೆದ ಮಾತು ಇನ್ನೊಂದು ಕೋಣೆಯ ಚಿತ್ರಕಾರನ ಬಳಿ ಹೋಗಿ ಅಲಂಕಾರ ಪಡೆದು ಬರುತ್ತಿತ್ತು. ಜೋಡಿಯ ಪದ್ಧತಿ ಬಂದ ಮೇಲೆ ಜಾಹೀರಾತಿನ ಮೂಲ ಕಲ್ಪನೆಯೇ ಇಬ್ಬರ ಮಾತುಕತೆಯಲ್ಲಿ ಹುಟ್ಟತೊಡಗಿತು. ಭಾರತದ ಏಜೆನ್ಸಿಗಳೂ ಇದನ್ನು ಒಪ್ಪಿಕೊಂಡವು, ಆದರೆ ಆ ಕೋಣೆಯಲ್ಲಿ ಕೂರುವ ಜೋಡಿ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಯೋಚಿಸುವ ಜೋಡಿಯಾಗಿ ಉಳಿಯಿತು. ಕಲ್ಪನೆ ಒಪ್ಪಿಗೆಯಾಗಿ, ಚಿತ್ರೀಕರಣವೂ ಮುಗಿದು, ಲೇಔಟ್ ಸಿದ್ಧವಾದ ಮೇಲೆ ಅದು 'ಅಡಾಪ್ಟೇಷನ್' (ಬೇರೆ ಭಾಷೆಗೆ ಒಗ್ಗಿಸುವುದು) ಎಂಬ ಹೆಸರಿನಲ್ಲಿ ಕನ್ನಡ, ತೆಲುಗು, ತಮಿಳು, ಮಲಯಾಳ, ಮರಾಠಿ ಬರಹಗಾರರಿಗೆ ಒಂದೇ ಮಿಂಚಂಚೆಯಲ್ಲಿ ಹೋಗುತ್ತದೆ. ಬರ್ನ್‌ಬಾಕ್ ತೆಗೆದುಹಾಕಿದ ಗೋಡೆ ನಮ್ಮ ಭಾಷೆಗಳ ಪಾಲಿಗೆ ಹಾಗೇ ನಿಂತಿದೆ.

ಇದರಿಂದ ಏನು ಕಳೆದುಹೋಗುತ್ತದೆ ಎಂಬುದಕ್ಕೆ ಅಡಿಕೆ ತೋಟದಿಂದಲೇ ಒಂದು ಉದಾಹರಣೆ ಕೊಡುತ್ತೇನೆ. ಮಲೆನಾಡಿನ ಅಡಿಕೆಗೆ ಮಳೆಗಾಲದಲ್ಲಿ ಬರುವ ಕೊಳೆ ರೋಗವನ್ನು ತಡೆಯಲು ಬೆಳೆಗಾರರು ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಅದರ ಜೊತೆಗೆ, ಅದರ ಬದಲಿಗೆ ಎಂದು ಹತ್ತಾರು ಕಂಪನಿಗಳ ಔಷಧಿಗಳೂ ಮಾರುಕಟ್ಟೆಗೆ ಬರುತ್ತವೆ. ಇಂಥ ಔಷಧಿಯ ಕರಪತ್ರವೊಂದು ನನ್ನ ಕೈಗೆ ಬಂದಾಗ ಅದರಲ್ಲಿ 'ಶಿಲೀಂಧ್ರನಾಶಕದ ಸಿಂಪರಣೆಯಿಂದ ಹಣ್ಣು ಕೊಳೆಯುವಿಕೆಯ ನಿಯಂತ್ರಣ' ಎಂದಿತ್ತು. ವ್ಯಾಕರಣದ ತಪ್ಪು ಅದರಲ್ಲಿ ಒಂದೂ ಇಲ್ಲ, ಆದರೆ ಹೊಸನಗರದ ಯಾವ ಬೆಳೆಗಾರರೂ ಹಾಗೆ ಮಾತಾಡುವುದಿಲ್ಲ. ಅವರು ಕೊಳೆಗೆ ಔಷಧಿ ಹೊಡೆಯುತ್ತಾರೆ. ಅಷ್ಟೇ ಅಲ್ಲ, ಅಡಿಕೆ ಗೊನೆಗೆ ನಮ್ಮ ಕಡೆ 'ಕೊನೆ' ಎನ್ನುತ್ತಾರೆ, ಮರ ಹತ್ತಿ ಅದನ್ನು ಕೊಯ್ಯುವವರು ಕೊನೆಗಾರರು. ತೋಟದ ಈ ಮಾತನ್ನು ಬಲ್ಲ ಬರಹಗಾರರನ್ನು ಮೊದಲ ದಿನವೇ ಬ್ರೀಫ್ ಕೇಳಲು ಕೂರಿಸಿದ್ದರೆ 'ಕೊನೆಯವರೆಗೂ ಕಾಯುತ್ತದೆ' ಎಂಬ ಸಾಲು ಸಂಜೆಯೊಳಗೆ ಹೊಳೆದಿರುತ್ತಿತ್ತು. ಔಷಧಿ ಮರದ ತುದಿಯ ಕೊನೆಗೆ ತಲುಪುತ್ತದೆ, ಮಳೆಗಾಲದ ಕೊನೆಯ ತನಕ ನಿಲ್ಲುತ್ತದೆ ಎಂಬ ಎರಡು ಅರ್ಥವೂ ಆ ಎರಡೇ ಪದದಲ್ಲಿ ಬಂದುಬಿಡುತ್ತವೆ. ಇಂಗ್ಲಿಷಿನ ಸಾಲನ್ನು ಎದುರಿಗಿಟ್ಟುಕೊಂಡು ಅನುವಾದಿಸುವವರಿಗೆ ಇದು ಹೊಳೆಯಲು ದಾರಿಯೇ ಇಲ್ಲ, ಏಕೆಂದರೆ ಮೂಲದಲ್ಲಿ ಅದು ಇರಲಿಲ್ಲ.

ಹಿಂದಿಗೆ ಈ ಸ್ಥಾನ ಸಿಕ್ಕಿತು ಎಂಬುದನ್ನು ಇಲ್ಲಿ ನೆನೆಯಬೇಕು. 1982ರಲ್ಲಿ ಓಗಿಲ್ವಿ ಏಜೆನ್ಸಿ ಸೇರಿ, ಮೊದಲು ಕ್ಲೈಂಟ್ ಸರ್ವಿಸಿಂಗ್‌ನಲ್ಲಿದ್ದು ಬಳಿಕ ಬರವಣಿಗೆಗೆ ಬಂದ ಪೀಯೂಷ್ ಪಾಂಡೆ ಅವರು 2025ರ ಅಕ್ಟೋಬರ್‌ನಲ್ಲಿ ತೀರಿಕೊಂಡಾಗ ದೇಶದಾದ್ಯಂತ ಬಂದ ಶ್ರದ್ಧಾಂಜಲಿಗಳಲ್ಲಿ ಒಂದು ಮಾತು ಸಾಮಾನ್ಯವಾಗಿತ್ತು: ಇಂಗ್ಲಿಷಿನಲ್ಲಿ ಯೋಚಿಸುತ್ತಿದ್ದ ಭಾರತೀಯ ಜಾಹೀರಾತನ್ನು ಅವರು ಜನರ ಆಡುಮಾತಿಗೆ ತಂದರು. ಅದು ನಿಜ. ಅದು ಸಾಧ್ಯವಾದದ್ದು ಹಿಂದಿಯಲ್ಲಿ ಬರೆಯುವವರಿಗೆ ಏಜೆನ್ಸಿಯೊಳಗೆ ಕುರ್ಚಿ, ಸಂಬಳ, ಬಡ್ತಿ, ಕೊನೆಗೆ ಮುಖ್ಯಸ್ಥನ ಸ್ಥಾನ ಕೂಡ ದಕ್ಕಿದ್ದರಿಂದ. ಕನ್ನಡದಲ್ಲಿ ಅಷ್ಟೇ ಪ್ರತಿಭೆಯಿಂದ ಬರೆಯುವವರಿಗೆ ಆ ಮೆಟ್ಟಿಲುಗಳಿಲ್ಲ. ನಾನು ಕೆಲಸ ಮಾಡಿದ ಏಜೆನ್ಸಿಯಲ್ಲಿ ಇಂಗ್ಲಿಷ್ ಬರಹಗಾರರು ಏಳು ವರ್ಷದಲ್ಲಿ ಮೂರು ಬಾರಿ ಪದನಾಮ ಬದಲಿಸಿಕೊಂಡು ಮೇಲೇರಿದರು. ಭಾಷಾ ವಿಭಾಗದಲ್ಲಿದ್ದ ನಾವು ನಾಲ್ವರು ಸೇರಿದ ದಿನದ ಪದನಾಮದಲ್ಲೇ ಬಿಟ್ಟು ಬಂದೆವು. ನಾನು ಬಿಟ್ಟ ಮೇಲೆ ಆ ವಿಭಾಗವನ್ನೇ ಮುಚ್ಚಿ ಹೊರಗಿನವರಿಗೆ ಪದದ ಲೆಕ್ಕದಲ್ಲಿ ಕೊಡಲಾಯಿತು.

ಪದದ ಲೆಕ್ಕ ಎಂಬುದು ಕನ್ನಡಕ್ಕೆ ಆಗುವ ಅನ್ಯಾಯದ ಅತ್ಯಂತ ಸರಳ ರೂಪ, ಆದರೂ ಇದರ ಬಗ್ಗೆ ಯಾರೂ ಮಾತಾಡಿದ್ದನ್ನು ನಾನು ಕೇಳಿಲ್ಲ. ಕನ್ನಡದಲ್ಲಿ ವಿಭಕ್ತಿ, ಕಾಲ, ನಿಷೇಧ ಎಲ್ಲವೂ ಪದದೊಳಗೇ ಸೇರಿಕೊಳ್ಳುತ್ತವೆ. 'ಬರಲಾಗುವುದಿಲ್ಲ' ಎಂಬ ನಮ್ಮ ಒಂದು ಪದ ಹೇಳುವುದನ್ನು ಇಂಗ್ಲಿಷಿನಲ್ಲಿ ಹೇಳಲು ಐದಾರು ಪದ ಬೇಕು. ಬರೆದುಕೊಟ್ಟ ಕನ್ನಡ ಪದಗಳನ್ನು ಎಣಿಸಿ ಹಣ ಕೊಟ್ಟರೆ ಅದೇ ಕೆಲಸಕ್ಕೆ ನಮ್ಮವರಿಗೆ ಸಿಗುವ ಮೊತ್ತ ತಾನಾಗಿಯೇ ತಗ್ಗುತ್ತದೆ. ಜಾಹೀರಾತಿನಲ್ಲಿ ಎಲ್ಲಕ್ಕಿಂತ ಕಷ್ಟದ್ದು ಮೂರು ಪದದ ಶೀರ್ಷಿಕೆ. ಅದಕ್ಕೆ ಎರಡು ದಿನ ತಲೆ ಕೆಡಿಸಿಕೊಂಡರೂ ಬಿಲ್ಲಿನಲ್ಲಿ ಅದು ಮೂರೇ ಪದ. ಇದರ ಮೇಲೆ ಲೆಕ್ಕಕ್ಕೇ ಬಾರದ ಕೆಲಸಗಳಿವೆ. ಬೇರೆ ಭಾಷೆಯ ಡಿಸೈನರ್ ಕನ್ನಡವನ್ನು ಲೇಔಟ್‌ಗೆ ಹಾಕುವಾಗ ಸಾಫ್ಟ್‌ವೇರ್‌ನ ಹೊಂದಾಣಿಕೆ ಸರಿಯಿಲ್ಲದಿದ್ದರೆ ಒತ್ತಕ್ಷರಗಳು ಕೆಳಗೆ ಕೂರದೆ ಪಕ್ಕಕ್ಕೆ ಸರಿದು ನಿಲ್ಲುತ್ತವೆ, ಅರ್ಕಾವತ್ತು ಜಾಗ ತಪ್ಪುತ್ತದೆ. ಕನ್ನಡ ಓದಲು ಬಾರದವರ ಕಣ್ಣಿಗೆ ಅದು ತಪ್ಪೆಂದೇ ಕಾಣುವುದಿಲ್ಲವಾದ್ದರಿಂದ ರಾತ್ರಿ ಹನ್ನೊಂದಕ್ಕೆ 'ಒಮ್ಮೆ ನೋಡಿಬಿಡಿ' ಎಂಬ ಸಂದೇಶದೊಂದಿಗೆ ಚಿತ್ರ ಬರುತ್ತದೆ. ಆಮೇಲೆ ಸ್ಟುಡಿಯೋದಲ್ಲಿ ಧ್ವನಿ ಕೊಡುವವರಿಗೆ ಉಚ್ಚಾರಣೆ ತಿದ್ದಬೇಕು, ಹಿಂದಿ ತುಟಿಯ ಚಲನೆಗೆ ಹೊಂದುವಂತೆ ಸಾಲನ್ನು ಕುಗ್ಗಿಸಬೇಕು. ಮಳೆಗಾಲದಲ್ಲಿ ಇದಕ್ಕೆ ಮಲೆನಾಡಿನದೇ ಕಷ್ಟ ಸೇರಿಕೊಳ್ಳುತ್ತದೆ. ವರ್ಷಕ್ಕೆ 7,000 ಮಿ.ಮೀ. ಆಸುಪಾಸು ಮಳೆ ಸುರಿಯುವ ಆಗುಂಬೆಯ ಸುತ್ತಿನ ಊರುಗಳಲ್ಲಿ ಗಾಳಿಗೆ ಮರ ಬಿದ್ದು ಎರಡು ದಿನ ಕರೆಂಟು ಹೋದರೆ ಟವರ್ ಕೂಡ ಸತ್ತುಹೋಗುತ್ತದೆ. ಕೆಲಸ ಒಪ್ಪಿಸುವುದಕ್ಕಾಗಿ ಬಸ್ ಹಿಡಿದು ಶಿವಮೊಗ್ಗಕ್ಕೆ ಬಂದು ನನ್ನ ಮನೆಯಲ್ಲಿ ಕುಳಿತು ಫೈಲು ಕಳಿಸಿ ಹೋದವರಿದ್ದಾರೆ. ಆ ಬಸ್ಸಿನ ಖರ್ಚನ್ನು ಯಾವ ಬಿಲ್ಲಿಗೂ ಸೇರಿಸಲಾಗದು.

ಏಜೆನ್ಸಿಗಳು ಹೀಗೇಕೆ ಮಾಡುತ್ತವೆ ಎಂಬುದಕ್ಕೆ ದುರುದ್ದೇಶವನ್ನು ಕಾರಣವಾಗಿ ಹೇಳುವುದು ಸುಲಭ, ಆದರೆ ಹಣ ಬರುವ ದಾರಿ ಬದಲಾದದ್ದು ನಿಜವಾದ ಕಾರಣ. ಹಿಂದೆ ಏಜೆನ್ಸಿಯ ಆದಾಯವೆಂದರೆ ಪತ್ರಿಕೆ, ರೇಡಿಯೊ, ದೂರದರ್ಶನಗಳಲ್ಲಿ ಕೊಂಡ ಜಾಗ ಮತ್ತು ಸಮಯದ ಮೇಲೆ ಸಿಗುತ್ತಿದ್ದ ಶೇ. 15ರ ಕಮಿಷನ್. ಆ ಕಮಿಷನ್ನಿನೊಳಗೇ ಬರಹಗಾರರ, ಚಿತ್ರಕಾರರ, ಪ್ರೂಫ್ ನೋಡುವವರ ಸಂಬಳ ನಡೆಯುತ್ತಿತ್ತು. 1990ರ ದಶಕದಲ್ಲಿ ಜಾಗ ಕೊಳ್ಳುವ ಕೆಲಸವನ್ನು ಪ್ರತ್ಯೇಕ ಮೀಡಿಯಾ ಏಜೆನ್ಸಿಗಳಿಗೆ ಒಪ್ಪಿಸುವ ಪದ್ಧತಿ ಬಂದಾಗ ಕಮಿಷನ್ ಅತ್ತ ಹೋಯಿತು. ಸೃಜನಶೀಲ ಏಜೆನ್ಸಿಯ ಕೈಯಲ್ಲಿ ಮಾರಲು ಉಳಿದದ್ದು ಜನರ ಸಮಯ. ಇಷ್ಟು ಜನ, ತಿಂಗಳಿಗೆ ಇಷ್ಟು ಗಂಟೆ ಎಂದು ಲೆಕ್ಕ ಹಾಕಿ ರಿಟೇನರ್ ಶುಲ್ಕ ಕೇಳುವುದು ರೂಢಿಯಾಯಿತು. ಗ್ರಾಹಕ ಕಂಪನಿಯಲ್ಲಿ ಆ ಪಟ್ಟಿಯನ್ನು ನೋಡುವವರು ಜಾಹೀರಾತು ಬಲ್ಲವರಲ್ಲ, ಖರೀದಿ ವಿಭಾಗದವರು. ಕನ್ನಡಕ್ಕೊಬ್ಬರು, ತೆಲುಗಿಗೊಬ್ಬರು ಎಂಬ ಸಾಲುಗಳನ್ನು ಅವರು ಮೊದಲು ಹೊಡೆದುಹಾಕುತ್ತಾರೆ. ಹೊಸ ಗ್ರಾಹಕರನ್ನು ಗೆಲ್ಲಲು ಪಿಚ್ ಹೆಸರಿನಲ್ಲಿ ವಾರಗಟ್ಟಲೆ ಉಚಿತವಾಗಿ ಕೆಲಸ ಮಾಡಿಕೊಡುವ ಪದ್ಧತಿಯೂ ಇದೇ ಜನರ ಸಮಯವನ್ನು ತಿನ್ನುತ್ತದೆ.

ಈಗ ಕೃತಕ ಬುದ್ಧಿಮತ್ತೆ ಈ ಲೆಕ್ಕದೊಳಗೆ ಬಂದಿದೆ. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಅಡಾಪ್ಟೇಷನ್ನಿನ ಮೊದಲ ಕರಡು ಯಂತ್ರದಿಂದಲೇ ಬರುವುದು ಹೆಚ್ಚಾಗಿದೆ. ಬರಹಗಾರರಿಗೆ ಬರುವ ಕೆಲಸದ ಹೆಸರು 'ಬರವಣಿಗೆ' ಹೋಗಿ 'ತಿದ್ದುಪಡಿ' ಆಗಿದೆ, ದರ ಅದಕ್ಕೆ ತಕ್ಕಂತೆ ಇಳಿದಿದೆ. ಯಂತ್ರದ ಕನ್ನಡವನ್ನು ತಿದ್ದುವುದಕ್ಕಿಂತ ಹೊಸದಾಗಿ ಬರೆಯುವುದೇ ಬೇಗ ಮುಗಿಯುತ್ತದೆ ಎಂಬುದು ನನ್ನ ಅನುಭವ; ತಿದ್ದುವಾಗ ಇಂಗ್ಲಿಷಿನ ಬೆನ್ನೆಲುಬು ವಾಕ್ಯದೊಳಗೆ ಉಳಿದುಬಿಡುತ್ತದೆ. ಏಜೆನ್ಸಿಯ ದೃಷ್ಟಿಯಿಂದ ನೋಡಿದರೆ ಇಲ್ಲಿ ಇನ್ನೂ ದೊಡ್ಡ ಇಕ್ಕಟ್ಟಿದೆ. ಗಂಟೆಗಳನ್ನು ಮಾರಿ ಬದುಕುವ ಸಂಸ್ಥೆಗೆ ಗಂಟೆಗಳನ್ನು ಉಳಿಸುವ ಯಂತ್ರ ಬಂದರೆ ಅದರ ಆದಾಯವೇ ಕರಗುತ್ತದೆ. ಗ್ರಾಹಕರು ಉಳಿತಾಯದಲ್ಲಿ ಪಾಲು ಕೇಳುತ್ತಾರೆ. ಆದಾಯ ಕರಗಿದಾಗ ಏಜೆನ್ಸಿಗೆ ಕಡಿಮೆ ಮಾಡಲು ಸಿಗುವ ದೊಡ್ಡ ಖರ್ಚು ಸಿಬ್ಬಂದಿಯದೊಂದೇ. ಕಾರ್ಖಾನೆಗಿರುವಂತೆ ಮಾರಬಹುದಾದ ಯಂತ್ರವಾಗಲಿ, ದಾಸ್ತಾನಾಗಲಿ ಅದಕ್ಕಿಲ್ಲ.

ಸಂಬಳದ ಮೇಲಿರುವವರ ಬದುಕು ಹಗುರವಾಗಿದೆ ಎಂದು ನಾನು ಹೇಳುತ್ತಿಲ್ಲ. ಜನ ಕಡಿಮೆಯಾದಾಗ ಉಳಿದವರ ಗಂಟೆಗಳು ಬೆಳೆಯುತ್ತವೆ. ಜಪಾನಿನ ಡೆಂಟ್ಸು ಏಜೆನ್ಸಿಯಲ್ಲಿ 24 ವರ್ಷದ ಉದ್ಯೋಗಿಯೊಬ್ಬರು 2015ರ ಡಿಸೆಂಬರ್‌ನಲ್ಲಿ ಪ್ರಾಣ ಕಳೆದುಕೊಂಡದ್ದಕ್ಕೆ ಅತಿಯಾದ ದುಡಿಮೆಯೇ ಕಾರಣವೆಂದು ಅಲ್ಲಿನ ಕಾರ್ಮಿಕ ಅಧಿಕಾರಿಗಳು 2016ರಲ್ಲಿ ಒಪ್ಪಿಕೊಂಡರು. ಕಾನೂನು ಮೀರಿ ದುಡಿಸಿದ್ದಕ್ಕಾಗಿ 2017ರಲ್ಲಿ ನ್ಯಾಯಾಲಯ ಆ ಏಜೆನ್ಸಿಗೆ 5 ಲಕ್ಷ ಯೆನ್ ದಂಡ ವಿಧಿಸಿತು. ಒಂದು ಜೀವದ ಎದುರು ಆ ಮೊತ್ತವನ್ನಿಟ್ಟು ನೋಡಿದಾಗ ಮನಸ್ಸು ಕಲಕುತ್ತದೆ. ನಮ್ಮಲ್ಲಿಯೂ ಕಾನೂನಿಲ್ಲವೆಂದಲ್ಲ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಯ ಮಿತಿ ಹಾಕಿದೆ, ಹೆಚ್ಚುವರಿ ಕೆಲಸ ಸೇರಿದರೂ ದಿನಕ್ಕೆ 10 ಗಂಟೆ ಮೀರಬಾರದು ಎಂದಿದೆ, ಮೂರು ತಿಂಗಳಲ್ಲಿ ಹೆಚ್ಚುವರಿ ಕೆಲಸ 50 ಗಂಟೆ ದಾಟಬಾರದು ಮತ್ತು ಅದಕ್ಕೆ ಎರಡು ಪಟ್ಟು ವೇತನ ಕೊಡಬೇಕು ಎಂದಿದೆ. 2025ರಲ್ಲಿ ಈ ಮಿತಿಗಳನ್ನು ಸಡಿಲಿಸುವ ಪ್ರಸ್ತಾವ ಬಂದಾಗ ಬೆಂಗಳೂರಿನ ಐಟಿ ನೌಕರರ ಸಂಘ ಬೀದಿಗಿಳಿದು ವಿರೋಧಿಸಿತು. ಜಾಹೀರಾತಿನವರಿಗೆ ಹಾಗೆ ಇಳಿಯಲು ಅಂಥದೊಂದು ಸಂಘವಿಲ್ಲ. ಆಡಳಿತದ ಸ್ಥಾನದಲ್ಲಿರುವವರಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲವಾದ್ದರಿಂದ, ಮೂರು ವರ್ಷ ತುಂಬುವಷ್ಟರಲ್ಲಿ ಕೈಕೆಳಗೆ ಒಬ್ಬರೂ ಇಲ್ಲದವರ ಹೆಸರಿನ ಮುಂದೆ ಮ್ಯಾನೇಜರ್, ಹೆಡ್ ಎಂಬ ಪದನಾಮ ಸೇರುವುದನ್ನು ಎಚ್ಚರದಿಂದ ನೋಡಬೇಕು. ಪದನಾಮಕ್ಕಿಂತ ಮಾಡುವ ಕೆಲಸದ ಸ್ವರೂಪ ಮುಖ್ಯವೆಂದು ನ್ಯಾಯಾಲಯಗಳು ಕಾರ್ಮಿಕ ಪ್ರಕರಣಗಳಲ್ಲಿ ಮತ್ತೆ ಮತ್ತೆ ಹೇಳಿವೆ.

ಶಿವಮೊಗ್ಗದ ಏಜೆನ್ಸಿಗಳ ಮಾತು ಬೇರೆ. ದುರ್ಗಿಗುಡಿ, ನೆಹರು ರಸ್ತೆಯ ಮಹಡಿಗಳ ಮೇಲೆ ನಡೆಯುವ ಈ ಕಚೇರಿಗಳಲ್ಲಿ ಮಾಲೀಕರೇ ಕ್ಲೈಂಟ್ ಸರ್ವಿಸಿಂಗ್, ಮಾಲೀಕರೇ ಕಾಪಿರೈಟರ್. ಇಬ್ಬರು ಡಿಸೈನರ್‌ಗಳು, ಬಿಲ್ಲು ಹಿಡಿದು ಅಂಗಡಿ ಅಂಗಡಿ ಸುತ್ತುವ ಒಬ್ಬ ಹುಡುಗ, ಇಷ್ಟು ಸಿಬ್ಬಂದಿ. ಚಿನ್ನದಂಗಡಿ, ಜವಳಿ ಅಂಗಡಿ, ಸಹಕಾರ ಸಂಘ, ಆಸ್ಪತ್ರೆ, ಕಾಲೇಜುಗಳು ಅವರ ಗ್ರಾಹಕರು. ಸ್ಥಳೀಯ ದಿನಪತ್ರಿಕೆಗಳು, ಭದ್ರಾವತಿ ಆಕಾಶವಾಣಿ, ಫ್ಲೆಕ್ಸ್, ಈಚೆಗೆ ಇನ್‌ಸ್ಟಾಗ್ರಾಮ್ ಅವರ ಮಾಧ್ಯಮ. ಇಲ್ಲಿಯ ದುಡಿಮೆಯನ್ನು ನೋಡಬೇಕೆಂದರೆ ದ್ವಿತೀಯ ಪಿಯುಸಿ ಫಲಿತಾಂಶ ಬಂದ ದಿನ ಹೋಗಬೇಕು. ಮಧ್ಯಾಹ್ನದಿಂದಲೇ ಕಾಲೇಜುಗಳಿಂದ ಫೋನು ಶುರುವಾಗುತ್ತದೆ. ಮರುದಿನದ ಪತ್ರಿಕೆಯಲ್ಲಿ ತಮ್ಮ ವಿದ್ಯಾರ್ಥಿಗಳ ಭಾವಚಿತ್ರ ಅಂಕಗಳ ಸಮೇತ ಬರಲೇಬೇಕು, ಎದುರಿನ ಕಾಲೇಜಿನದಕ್ಕಿಂತ ದೊಡ್ಡದಾಗಿ ಬರಬೇಕು. ವಾಟ್ಸ್‌ಆ್ಯಪ್‌ನಲ್ಲಿ ಮಸುಕಾಗಿ ಬಂದ ಅರವತ್ತು ಮುಖಗಳನ್ನು ಕತ್ತರಿಸಿ, ಬೆಳಗಿಸಿ, ಸಾಲಾಗಿ ಜೋಡಿಸಿ, ಪ್ರತಿ ಹೆಸರಿನ ಇನಿಷಿಯಲ್ ಸರಿಯಿದೆಯೇ ಎಂದು ನೋಡಿ ಮುಗಿಸುವಷ್ಟರಲ್ಲಿ ಪತ್ರಿಕೆಯ ಗಡುವು ಬಂದಿರುತ್ತದೆ. ಒಬ್ಬ ವಿದ್ಯಾರ್ಥಿಯ ಅಂಕ ತಪ್ಪಾದರೆ ಬೆಳಿಗ್ಗೆ ಪೋಷಕರು ಬಂದು ನಿಲ್ಲುವುದು ಕಾಲೇಜಿನ ಮುಂದೆ, ಬೈಗುಳ ಬಂದು ಮುಟ್ಟುವುದು ಡಿಸೈನರ್‌ಗೆ. ಒಂಬತ್ತು ಗಂಟೆಗೆ ಬರುವ ಶ್ರದ್ಧಾಂಜಲಿ ಜಾಹೀರಾತಿಗೂ ಇದೇ ಗಡುವು, ಆದರೆ ಆ ಕೆಲಸವನ್ನು ಇಲ್ಲಿ ಯಾರೂ ಬೇಸರದಿಂದ ಮಾಡುವುದಿಲ್ಲ, ಏಕೆಂದರೆ ತೀರಿಕೊಂಡವರನ್ನು ಕಚೇರಿಯಲ್ಲಿ ಒಬ್ಬರಾದರೂ ಬಲ್ಲವರಿರುತ್ತಾರೆ.

ಸಂಬಳ ಇಲ್ಲಿ ಬೆಂಗಳೂರಿಗಿಂತ ಬಹಳ ಕಡಿಮೆ, ಕಾಗದದ ಮೇಲಿನ ಭದ್ರತೆಯೂ ಕಡಿಮೆ. ಭವಿಷ್ಯ ನಿಧಿ ಕಡ್ಡಾಯವಾಗುವುದು 20 ಜನರಿರುವ ಸಂಸ್ಥೆಗೆ. ನಾಲ್ಕೈದು ಜನರ ಈ ಕಚೇರಿಗಳು ಆ ಮಿತಿಯ ಹತ್ತಿರವೂ ಬರುವುದಿಲ್ಲ. ಆದರೂ ಒಂದು ಮಹತ್ವದ ವ್ಯತ್ಯಾಸವಿದೆ. ಇಲ್ಲಿನ ಡಿಸೈನರ್ ಯಾರೆಂದು ಗ್ರಾಹಕರಿಗೆ ಗೊತ್ತು, ಬಿಟ್ಟುಹೋದರೆ ಏಕೆ ಬಿಟ್ಟರೆಂದು ಗಾಂಧಿ ಬಜಾರಿನವರು ಕೇಳುತ್ತಾರೆ. ಕನ್ನಡ ಇಲ್ಲಿ ಅಡಾಪ್ಟೇಷನ್ ಅಲ್ಲ, ಮೊದಲ ಭಾಷೆ. ಊರಿನ ಏಜೆನ್ಸಿಗಳನ್ನು ಕೆಳಮಟ್ಟದವೆಂದು ನೋಡುವ ಅಭ್ಯಾಸ ನನಗೂ ಇತ್ತು, ಮರಳಿ ಬಂದ ಮೇಲೆ ಅದು ಹೋಯಿತು. ಕುವೆಂಪು ವಿಶ್ವವಿದ್ಯಾಲಯದ ಪತ್ರಿಕೋದ್ಯಮ ವಿಭಾಗದಿಂದ ಹೊರಬರುವವರಿಗೆ ಬರವಣಿಗೆಯ ಕೆಲಸ ಹುಡುಕಲು ಬೆಂಗಳೂರೊಂದೇ ದಾರಿ ಎಂಬಂತಾಗಿದೆ. ನಾಲ್ಕು ಸಣ್ಣ ಏಜೆನ್ಸಿಗಳು ಸೇರಿ ಒಬ್ಬ ಪೂರ್ಣಾವಧಿ ಕಾಪಿರೈಟರ್‌ಗೆ ಸಂಬಳ ಕೊಡಬಹುದು ಎಂಬ ಮಾತನ್ನು ನಾನು ಇಲ್ಲಿನ ಮಾಲೀಕರ ಮುಂದೆ ಎರಡು ಬಾರಿ ಇಟ್ಟಿದ್ದೇನೆ. ಗ್ರಾಹಕರಿಂದ ಬರಬೇಕಾದ ಬಾಕಿ ಮೊದಲು ಬರಲಿ ಎಂಬುದು ಅವರ ಉತ್ತರ, ಆ ಉತ್ತರದಲ್ಲಿ ಸುಳ್ಳಿಲ್ಲ.

ಈಗ ತೀರ್ಥಹಳ್ಳಿಯ ಪ್ರಶ್ನೆಗೆ ಕಾನೂನಿನ ಉತ್ತರವನ್ನು ನೋಡೋಣ. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು 29 ಹಳೆಯ ಕಾಯ್ದೆಗಳ ಜಾಗದಲ್ಲಿ ಜಾರಿಗೆ ಬಂದಿವೆ. ಅವುಗಳ ಪ್ರಕಾರ ಉದ್ಯೋಗಿಗೆ ನೇಮಕಾತಿ ಪತ್ರ ಕೊಡುವುದು ಕಡ್ಡಾಯ, ಕೆಲಸ ಬಿಟ್ಟ ಅಥವಾ ಕೆಲಸದಿಂದ ತೆಗೆದ ಎರಡು ಕೆಲಸದ ದಿನಗಳೊಳಗೆ ವೇತನ ಬಾಕಿ ತೀರಿಸಬೇಕು, ನಿಗದಿತ ಅವಧಿಗೆ ನೇಮಕವಾದವರಿಗೆ ಒಂದು ವರ್ಷ ತುಂಬಿದರೆ ಗ್ರಾಚ್ಯುಟಿ ಸಿಗಬೇಕು. ಆದರೆ ಇವೆಲ್ಲ ಆಕೆ 'ಉದ್ಯೋಗಿ' ಎಂದು ಸಾಬೀತಾದರೆ ಮಾತ್ರ. ಆಕೆಯ ಕೈಯಲ್ಲಿರುವ ಪತ್ರದಲ್ಲಿ 'ಸಲಹೆಗಾರ' ಎಂದಿದೆ, ಹಣ ಕೊಡುವಾಗ ವೃತ್ತಿಪರ ಶುಲ್ಕವೆಂದು ಶೇ. 10 ತೆರಿಗೆ ಹಿಡಿಯಲಾಗಿದೆ. ಇನ್ನೊಂದು ಕಡೆ, ಆಕೆ ದಿನವೂ ಬೆಳಿಗ್ಗೆ ಹತ್ತರ ಕರೆಗೆ ಹಾಜರಾಗಬೇಕಿತ್ತು, ಟೈಮ್‌ಶೀಟ್ ತುಂಬಬೇಕಿತ್ತು, ಏಜೆನ್ಸಿಯ ಹೆಸರಿನ ಇಮೇಲ್ ಬಳಸುತ್ತಿದ್ದರು, ಬೇರೆ ಏಜೆನ್ಸಿಗೆ ಬರೆಯಬಾರದೆಂಬ ಮಾತೂ ಇತ್ತು. ಕೆಲಸದ ಮೇಲಿನ ಹಿಡಿತ ಯಾರದು, ವ್ಯಕ್ತಿ ಸಂಸ್ಥೆಯ ಅಂಗವಾಗಿದ್ದರೇ ಎಂಬುದನ್ನು ನ್ಯಾಯಾಲಯಗಳು ನೋಡುತ್ತವೆ. ಆ ಅಳತೆಯಲ್ಲಿ ಆಕೆಯ ವಾದಕ್ಕೆ ತೂಕವಿದೆ, ಆದರೆ ಅದನ್ನು ಸಾಧಿಸಲು ಬೇಕಾದ ವರ್ಷಗಳು ಮತ್ತು ಹಣ 28 ವಯಸ್ಸಿನ ಆಕೆಯ ಬಳಿ ಇಲ್ಲ. ಗಿಗ್ ಕಾರ್ಮಿಕರಿಗಾಗಿ ಕರ್ನಾಟಕ 2025ರಲ್ಲಿ ತಂದ ಕಾಯ್ದೆ ಆ್ಯಪ್ ಆಧಾರಿತ ಸಂಸ್ಥೆಗಳನ್ನು ಉದ್ದೇಶಿಸಿದ್ದು, ನೇರವಾಗಿ ಕೆಲಸ ಕೊಡುವ ಏಜೆನ್ಸಿ ಅದರ ಹೊರಗೇ ಉಳಿಯುತ್ತದೆ.

ಹೆಚ್ಚು ಹತ್ತಿರದ ದಾರಿ ಇನ್ನೊಂದಿದೆ, ಅದು ಬರಹಗಾರರಲ್ಲಿ ಬಹುತೇಕರಿಗೆ ಗೊತ್ತಿಲ್ಲ. ಸೇವೆ ಒದಗಿಸುವ ಒಬ್ಬ ವ್ಯಕ್ತಿ ಕೂಡ ಕೇಂದ್ರ ಸರ್ಕಾರದ ಉದ್ಯಮ್ ಜಾಲತಾಣದಲ್ಲಿ ಆಧಾರ್ ಮೂಲಕ ಶುಲ್ಕವಿಲ್ಲದೆ ಸೂಕ್ಷ್ಮ ಉದ್ಯಮವಾಗಿ ನೋಂದಾಯಿಸಿಕೊಳ್ಳಬಹುದು. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯ್ದೆಯ ಪ್ರಕಾರ ಅಂಥವರಿಗೆ ಲಿಖಿತ ಒಪ್ಪಂದವಿದ್ದರೂ 45 ದಿನ ಮೀರದಂತೆ, ಒಪ್ಪಂದವಿಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಬೀಳುತ್ತದೆ, ದೂರನ್ನು ರಾಜ್ಯದ ಸೌಲಭ್ಯ ಮಂಡಳಿಗೆ ಆನ್‌ಲೈನ್‌ನಲ್ಲೇ ಸಲ್ಲಿಸಬಹುದು. 2024ರ ಏಪ್ರಿಲ್ 1ರಿಂದ ಆದಾಯ ತೆರಿಗೆ ಕಾನೂನು ಕೂಡ ಇದಕ್ಕೆ ಬಲ ಕೊಟ್ಟಿದೆ: ಅವಧಿ ಮೀರಿಯೂ ಕೊಡದೆ ಉಳಿಸಿಕೊಂಡ ಹಣವನ್ನು ಕಂಪನಿಯು ಆ ವರ್ಷದ ಖರ್ಚೆಂದು ತೋರಿಸುವಂತಿಲ್ಲ. ಏಜೆನ್ಸಿಯ ಲೆಕ್ಕಪತ್ರ ವಿಭಾಗಕ್ಕೆ ಬೇಗ ಅರ್ಥವಾಗುವ ಮಾತು ಇದು. ಕೆಲಸ ಒಪ್ಪಿಸುವ ಮೊದಲೇ ನೋಂದಣಿ ಆಗಿರಬೇಕು, ಪ್ರತಿ ಬಿಲ್ಲಿನಲ್ಲಿ ಉದ್ಯಮ್ ಸಂಖ್ಯೆ ನಮೂದಿಸಿರುವುದು ಒಳ್ಳೆಯದು. ನೋಂದಣಿ ಆಗಿರದಿದ್ದರೆ ಹಳೆಯ ಬಾಕಿಗೆ ಈ ಆಸರೆ ಸಿಗುವುದು ಕಷ್ಟ. ಆಕೆಯ ವಿಷಯದಲ್ಲಿ ಆದದ್ದೂ ಅದೇ.

ದರದ ಬಗ್ಗೆ ನನ್ನ ಸಲಹೆ ಸ್ಪಷ್ಟವಿದೆ. ಕನ್ನಡ ಪದ ಎಣಿಸುವುದನ್ನು ಒಪ್ಪಿಕೊಳ್ಳಬಾರದು. ಮೂಲದ ಪದ ಎಣಿಸಲಿ, ಇಲ್ಲವೇ ಶೀರ್ಷಿಕೆಗೆ, ರೇಡಿಯೊ ಸ್ಕ್ರಿಪ್ಟಿಗೆ, ಲೇಔಟ್ ಪರಿಶೀಲನೆಗೆ ಬೇರೆ ಬೇರೆ ದರ ಇರಲಿ. ಏಜೆನ್ಸಿಗಳು ಪ್ರಶಸ್ತಿಗೆ ಕಳಿಸುವ ಕೆಲಸದಲ್ಲಿ ಭಾಷಾ ಬರಹಗಾರರ ಹೆಸರನ್ನೂ ಸೇರಿಸಬೇಕು. ಹೆಸರು ದಾಖಲಾದವರನ್ನು ಸಂದೇಶವೊಂದರಲ್ಲಿ ಬಿಟ್ಟುಬಿಡುವುದು ಇಷ್ಟು ಸುಲಭವಾಗದು. ಕರ್ನಾಟಕದಲ್ಲಿ ವಸ್ತು ಮಾರುವ ಕಂಪನಿಗಳು, ಕಡೆಯ ಪಕ್ಷ ಕೃಷಿ ಮತ್ತು ಆರೋಗ್ಯಕ್ಕೆ ಸಂಬಂಧಿಸಿದ ವಸ್ತುಗಳ ಕಂಪನಿಗಳು, ಕನ್ನಡದಲ್ಲೇ ಹುಟ್ಟಿದ ಜಾಹೀರಾತನ್ನು ಏಜೆನ್ಸಿಯಿಂದ ಕೇಳಬೇಕು. ಔಷಧಿಯ ಪ್ರಮಾಣ ತಪ್ಪಾಗಿ ಅರ್ಥವಾದರೆ ಹೋಗುವುದು ಬೆಳೆಗಾರನ ಒಂದು ವರ್ಷದ ಫಸಲು.

ಆಕೆ ಜನವರಿಯಲ್ಲಿ ಶಿವಮೊಗ್ಗಕ್ಕೆ ಬಂದಾಗ ನಾವಿಬ್ಬರೂ ಕುಳಿತು ಉದ್ಯಮ್ ನೋಂದಣಿ ಮುಗಿಸಿದೆವು, ಅರ್ಧ ಗಂಟೆಯೂ ಹಿಡಿಯಲಿಲ್ಲ. ಬಾಕಿ ಬಿಲ್ಲುಗಳ ಪಟ್ಟಿ, ಅವುಗಳ ದಿನಾಂಕ, ಪ್ರತಿ ಕೆಲಸದ ಇಮೇಲ್ ಸೇರಿಸಿ ಏಜೆನ್ಸಿಯ ಹೊಸ ತಂಡಕ್ಕೆ ಕನ್ನಡದಲ್ಲೊಂದು, ಇಂಗ್ಲಿಷಿನಲ್ಲೊಂದು ಪತ್ರ ಬರೆದೆವು. ಅಡಿಕೆಗೆ ಔಷಧಿ ಹೊಡೆಯುವುದು ಮಳೆ ಹಿಡಿಯುವ ಹೊತ್ತಿಗೆ. ಅದರ ಕರಪತ್ರ, ರೇಡಿಯೊ ಜಾಹೀರಾತುಗಳ ಬ್ರೀಫ್ ಮಾರ್ಚ್ ತಿಂಗಳಲ್ಲಿ ಹೊರಡುತ್ತದೆ. ಅದು ಬಂದರೆ ಬರೆಯುವ ಮೊದಲು ದರ, ದಿನ ಮತ್ತು ಹೆಸರನ್ನು ಬರೆಸಿಕೊಳ್ಳುವುದಾಗಿ ಹೇಳಿ ಆಕೆ ಸಂಜೆಯ ಬಸ್ಸಿಗೆ ತೀರ್ಥಹಳ್ಳಿಗೆ ಹೊರಟರು.